ಕಡಲ ತಡಿಯ ಒಂದು ಹಳೆಯ ಆಟದ ಬಯಲು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಿಂದ ಒಂದು ಲೇಖನವಿರತಕ್ಕದ್ದೆಂಬುದು ಬಹುಕಾಲದಿಂದ ನಡೆದುಬಂದ ಪದ್ಧತಿಯಾಗಿದೆ. ಪರೀಕ್ಷೆಯ ಫಲಿತಾಂಶವೂ ಕಟ್ಟಡದ ದುರಸ್ತಿಯ ಲೆಕ್ಕವೂ ದಾನಿಗಳ ಪಟ್ಟಿಯೂ ವರದಿಯ ಭಾಗದಲ್ಲಿ ಬೇರೆಯಾಗಿ ಅಚ್ಚಾಗಿರುವುದರಿಂದ ಅವುಗಳನ್ನೇ ಇಲ್ಲಿ ಮರಳಿ ಹೇಳುವುದು ಉಚಿತವಲ್ಲ. ಕಳೆದ ಬೇಸಿಗೆಯ ರಜೆಯಲ್ಲಿ ನಮಗೆ ಸ್ಕಾಟ್ಲೆಂಡು ದೇಶವನ್ನು ಕಾಣುವ ಸಂದರ್ಭವೊದಗಿತು. ಎಡಿನ್‌ಬರೋ ನಗರದ ಆಸ್ಪತ್ರೆಯೊಂದರಲ್ಲಿ ದಾದಿಯ ಕೆಲಸದಲ್ಲಿರುವ ನಮ್ಮ ಹಳೆ ವಿದ್ಯಾರ್ಥಿನಿಯೊಬ್ಬಳು ಮೂರು ವರ್ಷಗಳಿಂದ ಬಿಡದೆ ಕರೆಯುತ್ತಿದ್ದು, ಕೊನೆಗೆ ಟಿಕೇಟನ್ನೇ ಕಳುಹಿಸಿಬಿಟ್ಟಳು. ಆ ಪ್ರವಾಸದಲ್ಲಿ ಕೋಟೆಗಳನ್ನು ಕಂಡೆವು. ದೊಡ್ಡ ದೊಡ್ಡ ದೇವಾಲಯಗಳನ್ನೂ ಗ್ರಂಥಾಲಯಗಳನ್ನೂ ಕಂಡೆವು. ಅವೆಲ್ಲವುಗಳಿಗಿಂತ ಹೆಚ್ಚಾಗಿ ನಮ್ಮ ಮನಸ್ಸಿನಲ್ಲಿ ನಿಂತದ್ದು, ಪ್ರವಾಸಿಗಳು ಸಾಮಾನ್ಯವಾಗಿ ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಸಾಗಿಬಿಡುವ ಒಂದು ಹುಲ್ಲುಬಯಲು. ಅದರ ವಿಷಯವಾಗಿಯೇ ನಾಲ್ಕು ಮಾತುಗಳನ್ನು ಹಳೆ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದಿಡಲು ಇಚ್ಛಿಸುತ್ತೇವೆ.

ಗಾಲ್ಫ್ ಎಂಬ ಆಟವನ್ನು ನಮ್ಮ ಓದುಗರಲ್ಲಿ ಅನೇಕರು ಪ್ರತ್ಯಕ್ಷವಾಗಿ ಕಂಡಿರಲಾರರು. ವಿಶಾಲವಾದ ಬಯಲಿನಲ್ಲಿ ದೂರ ದೂರಕ್ಕೆ ಒಂದೊಂದರಂತೆ ಚಿಕ್ಕ ಕುಳಿಗಳನ್ನು ಮಾಡಿರುವರು. ಆಡುವವರು ಕೋಲಿನಿಂದ ಒಂದು ಸಣ್ಣ ಗಟ್ಟಿಯಾದ ಚೆಂಡನ್ನು ಹೊಡೆಯುತ್ತ, ಅದರ ಹಿಂದೆ ನಡೆದು ಹೋಗುತ್ತ, ಅದನ್ನು ಒಂದೊಂದು ಕುಳಿಯಲ್ಲಿಯೂ ಬೀಳಿಸಬೇಕು. ಎಲ್ಲರಿಗಿಂತ ಕಡಿಮೆ ಹೊಡೆತಗಳಲ್ಲಿ ಈ ಕೆಲಸವನ್ನು ಮುಗಿಸಿದವರು ಗೆದ್ದಂತೆ. ನಮ್ಮ ರಾಜ್ಯದಲ್ಲಿಯೂ ಇದು ಹೊಸತಲ್ಲ. ಬೆಂಗಳೂರಿನ ಗಾಲ್ಫ್ ಸಂಘವು ೧೮೭೬ರಲ್ಲಿ ಸ್ಥಾಪನೆಯಾದದ್ದು. ಆದರೆ ನಮ್ಮಲ್ಲಿ ಈ ಆಟಕ್ಕೆ ಸಿರಿವಂತರ ಆಟವೆಂಬ ಹೆಸರು ಅಂಟಿಕೊಂಡಿದೆ. ಎತ್ತರದ ಗೋಡೆ, ಕಾವಲುಗಾರ, ದುಬಾರಿಯಾದ ಚಂದಾ, ಇವುಗಳ ಆಚೆಗೆ ನಡೆಯುವ ವ್ಯವಹಾರವೆಂದೇ ನಾವೂ ತಿಳಿದಿದ್ದೆವು. ಅದರ ತೌರುಮನೆಯ ಸ್ಥಿತಿ ಬೇರೆಯೇ ಆಗಿತ್ತೆಂಬುದು ಅಲ್ಲಿಗೆ ಹೋದಮೇಲೆ ತಿಳಿಯಿತು.

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಸಮುದ್ರದ ಮರಳಿಗೂ ರೈತರ ಹೊಲಗಳಿಗೂ ನಡುವೆ, ಒಂದು ಬಗೆಯ ಅಡ್ಡಾದಿಡ್ಡಿಯಾದ ಭೂಮಿ ಇದೆ. ಇದಕ್ಕೆ ಲಿಂಕ್ಸ್ ಎಂದು ಹೆಸರು. ಗಾಳಿಯು ಯುಗಯುಗಗಳಿಂದ ತಂದು ಸುರಿದ ಮರಳು ಸಣ್ಣ ದಿಣ್ಣೆಗಳಾಗಿ ನಿಂತಿದೆ. ಅದರ ಮೇಲೆ ಕೂದಲಿನಂತೆ ತೆಳುವಾದ ಗಟ್ಟಿಮುಟ್ಟಾದ ಹುಲ್ಲು ಬೆಳೆದಿದೆ. ನೇಗಿಲಿಗೆ ಆ ನೆಲ ಒಗ್ಗದು. ಉಪ್ಪುಗಾಳಿಗೆ ಪೈರು ನಿಲ್ಲದು. ಆದುದರಿಂದ ಊರವರು ಅಲ್ಲಿ ಕುರಿ ಮೇಯಿಸುವರು, ಬಟ್ಟೆ ಒಣಗಿಸುವರು, ಹಬ್ಬದ ದಿನಗಳಲ್ಲಿ ಆಡುವರು. ಎಷ್ಟು ಮಳೆ ಬಿದ್ದರೂ ನೀರು ಮರಳಿನೊಳಗೆ ಇಂಗಿಹೋಗುವುದರಿಂದ ಚಳಿಗಾಲದಲ್ಲಿಯೂ ನೆಲ ಕೆಸರಾಗದು. ಕುರಿಗಳು ಕಚ್ಚಿ ಕಚ್ಚಿ ತಿಂದ ಹುಲ್ಲು ಕತ್ತರಿಸಿದಂತೆ ಗಿಡ್ಡವಾಗಿರುವುದು. ಗಾಳಿಗೆ ಅಂಜಿ ಅವು ಮಲಗಿದ ಹಳ್ಳಗಳೇ ಮುಂದೆ ಆಟದ ಮರಳುಗುಳಿಗಳಾದುವೆಂದು ಹೇಳುವರು. ಯಾವ ಕೆಲಸಕ್ಕೂ ಬಾರದೆಂದು ರೈತನು ಕೈಬಿಟ್ಟ ನೆಲವೇ ಜಗತ್ತಿನ ಒಂದು ದೊಡ್ಡ ಆಟಕ್ಕೆ ತೊಟ್ಟಿಲಾಯಿತು.

ನಾವು ಹೇಳಹೊರಟ ಬಯಲು ಇರುವುದು ಮಸಲ್‌ಬರೋ ಎಂಬ ಊರಿನಲ್ಲಿ. ಎಡಿನ್‌ಬರೋದಿಂದ ಪೂರ್ವಕ್ಕೆ ಸುಮಾರು ೬ ಮೈಲು. ಎಸ್ಕ್ ಎಂಬ ಸಣ್ಣ ಹೊಳೆ ಅಲ್ಲಿ ಸಮುದ್ರವನ್ನು ಸೇರುತ್ತದೆ. ನಮ್ಮ ಕರಾವಳಿಯಲ್ಲಿ ಪಚ್ಚಿಲೆಯೆಂದು ಕರೆಯುವ ಚಿಪ್ಪಿನ ಜಾತಿಯ ಜೀವಿ ಅಲ್ಲಿನ ತೀರದಲ್ಲಿ ಹೇರಳವಾಗಿದ್ದುದರಿಂದ ಊರಿಗೆ ಅದರ ಹೆಸರೇ ಬಂದಿತು. ಆ ಊರಿಗೆ ಇನ್ನೊಂದು ಹೆಸರೂ ಉಂಟು; ಸ್ಕಾಟ್ಲೆಂಡಿನ ಜನರು ಅದನ್ನು ಪ್ರಾಮಾಣಿಕರ ಊರೆಂದು ಕರೆಯುವರು. ೧೩೩೨ರಲ್ಲಿ, ಬಾಲಕನಾದ ಅರಸನ ಪರವಾಗಿ ರಾಜ್ಯವಾಳುತ್ತಿದ್ದ ಮರೇ ಪ್ರಾಂತದ ಪ್ರಭು ರ‍್ಯಾಂಡಾಲ್ಫನು ರೋಗಿಯಾಗಿ ಅಲ್ಲಿ ಮಲಗಿದನು. ಊರವರು ಕೊನೆಯ ಉಸಿರಿನವರೆಗೂ ಅವನ ಶುಶ್ರೂಷೆ ಮಾಡಿದರು. ಅವನ ತರುವಾಯ ಅಧಿಕಾರಕ್ಕೆ ಬಂದವನು ಬಹುಮಾನ ಕೊಡಲು ಮುಂದಾದಾಗ, ನಾವು ಮಾಡಿದ್ದು ನಮ್ಮ ಕರ್ತವ್ಯವನ್ನೇ ಎಂದು ಹೇಳಿ ಅವರು ಅದನ್ನು ಸ್ವೀಕರಿಸಲಿಲ್ಲವಂತೆ. ದಾದಿಯ ಕೆಲಸದಲ್ಲಿರುವ ನಮ್ಮ ಹುಡುಗಿಗೆ ಈ ಕಥೆಯ ಮೇಲೆ ವಿಶೇಷ ಪ್ರೀತಿ. ಬಸ್ಸಿನಲ್ಲಿ ಕುಳಿತೊಡನೆ ಅವಳು ಮೊದಲು ಹೇಳಿದ್ದು ಇದನ್ನೇ.

ಬಸ್ಸಿನಿಂದ ಇಳಿದು ನೋಡಿದಾಗ, ನಿಜವನ್ನು ಹೇಳಬೇಕಾದರೆ, ಕಣ್ಣಿಗೆ ವಿಶೇಷವಾದದ್ದೇನೂ ಕಾಣಲಿಲ್ಲ. ಒಂದು ಕಡೆ ವಾಹನಗಳು ಓಡುವ ಹೆದ್ದಾರಿ, ಇನ್ನೊಂದು ಕಡೆ ಬೂದುಬಣ್ಣದ ಸಮುದ್ರ. ನಡುವೆ ಬಿಳಿಯ ಕಟಕಟೆ ಹಾಕಿದ ಕುದುರೆಪಂದ್ಯದ ದಾರಿ. ೧೮೧೬ರಿಂದಲೂ ಅಲ್ಲಿ ಕುದುರೆಗಳು ಓಡುತ್ತಿವೆ. ಆ ಓಟದ ದಾರಿಯ ಮಡಿಲಿನಲ್ಲಿ, ಉಂಗುರದೊಳಗಿಟ್ಟ ಹಸುರು ಕಲ್ಲಿನಂತೆ, ನಮ್ಮ ಬಯಲು. ಈಗಿನ ಗಾಲ್ಫ್ ಮೈದಾನಗಳಲ್ಲಿ ಸಾಮಾನ್ಯವಾಗಿ ೧೮ ಕುಳಿಗಳಿರುವುವು; ಇಲ್ಲಿ ಇರುವುದು ೯ ಮಾತ್ರ. ದೊಡ್ಡ ಮಹಾದ್ವಾರವಿಲ್ಲ, ಚಂದಾದಾರರಲ್ಲದವರನ್ನು ತಡೆಯುವ ಕಾವಲುಗಾರನಿಲ್ಲ. ಊರಿನ ಒಬ್ಬ ಮುದುಕರು ನಾಯಿಯೊಡನೆ ಅಡ್ಡಾಡುತ್ತಿದ್ದರು. ಇಬ್ಬರು ಶಾಲಾಬಾಲಕರು ಒಂದೇ ಚೀಲದ ಕೋಲುಗಳನ್ನು ಹಂಚಿಕೊಂಡು ಆಡುತ್ತಿದ್ದರು. ಕಡಲ ಕಡೆಯಿಂದ ಬೀಸಿದ ಗಾಳಿಗೆ ನಮ್ಮ ಸೀರೆಯ ಸೆರಗು ನಿಲ್ಲದೆ, ಕೊನೆಗೆ ನಮ್ಮ ಹುಡುಗಿ ತನ್ನ ಕೋಟನ್ನು ಬಿಚ್ಚಿ ನಮಗೆ ತೊಡಿಸಿದಳು. ಆ ಮೇ ತಿಂಗಳನ್ನು ಅಲ್ಲಿಯ ಜನರು ಬೇಸಿಗೆಯ ಆರಂಭವೆಂದು ಕರೆಯುತ್ತಿದ್ದರು!

ನೋಟದಲ್ಲಿ ಬಡವಾದರೂ ಈ ನೆಲದ ವಂಶಾವಳಿ ದೊಡ್ಡದು. ಬಿಲ್ವಿದ್ಯೆಯ ಅಭ್ಯಾಸಕ್ಕೆ ಕುಂದು ಬರುವುದೆಂದು ೧೪೫೭ರಲ್ಲಿಯೇ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಗಾಲ್ಫನ್ನು ನಿಷೇಧಿಸಿತ್ತು. ಜನರು ಆಗಲೇ ಅದರಲ್ಲಿ ಎಷ್ಟು ಮುಳುಗಿದ್ದರೆಂಬುದಕ್ಕೆ ಇದೇ ಸಾಕ್ಷಿ. ರಾಣಿ ಮೇರಿಯು ೧೫೬೭ರಲ್ಲಿ ಮಸಲ್‌ಬರೋದ ಬಯಲಿನಲ್ಲಿ ಆಡಿದಳೆಂಬುದು ಜನರ ಬಾಯಲ್ಲಿ ಬಂದ ಐತಿಹ್ಯ. ಬರಹದ ಆಧಾರವಿರುವುದು ೧೬೭೨ರ ಮಾರ್ಚ್ ೨ನೆಯ ತಾರೀಖಿನಿಂದ. ಸರ್ ಜಾನ್ ಫೌಲಿಸ್ ಎಂಬ ಗೃಹಸ್ಥನು ಆ ದಿನ ಮಸಲ್‌ಬರೋದ ಗಾಲ್ಫಿನಲ್ಲಿ ಸೋತ ಹಣವನ್ನು ತನ್ನ ಮನೆಯ ಖರ್ಚಿನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಲೆಕ್ಕವನ್ನು ನಿಷ್ಠೆಯಿಂದ ಬರೆದಿಡಬೇಕೆಂದು ನಾವು ಗೃಹವಿಜ್ಞಾನದ ತರಗತಿಯಲ್ಲಿ ಹೇಳುವುದುಂಟು. ಸೋಲಿನ ಲೆಕ್ಕವೂ ೩೫೦ ವರ್ಷಗಳ ತರುವಾಯ ಇತಿಹಾಸವಾದೀತೆಂದು ಇನ್ನು ಮುಂದೆ ಸೇರಿಸಿ ಹೇಳಬಹುದು.

ಕುಳಿಗಳಿಗೆ ಅಲ್ಲಿ ಒಂದೊಂದು ಹೆಸರಿದೆ. ಎರಡನೆಯದಕ್ಕೆ ಸಮಾಧಿಗಳೆಂದು ಹೆಸರು; ೧೫೪೭ರಲ್ಲಿ ಊರ ಹೊರಗೆ ನಡೆದ ಪಿಂಕಿಯ ಕಾಳಗದಲ್ಲಿ ಮಡಿದವರನ್ನು ಅಲ್ಲಿ ಹೂಳಿದರೆಂದು ಪ್ರತೀತಿ. ನಾಲ್ಕನೆಯದು ಶ್ರೀಮತಿ ಫೋರ್ಮನ್ನಳ ಹೆಸರಿನದು. ಬಯಲಿನ ಅಂಚಿನಲ್ಲಿ ಆಕೆಯ ಉಪಾಹಾರದ ಮನೆ ಇತ್ತು. ಆಡಿ ದಣಿದವರಿಗೆ ಬೇಕಾದುದನ್ನು ಕಿಟಕಿಯಿಂದಲೇ ಕೊಡುತ್ತಿದ್ದರಂತೆ. ಇನ್ನೊಂದು ಸಮುದ್ರದ ಕುಳಿ. ಮತ್ತೊಂದಕ್ಕೆ ಸ್ನಾನದ ಬಂಡಿಯ ಹೆಸರು. ಹಿಂದಿನ ಕಾಲದಲ್ಲಿ ಸಮುದ್ರಸ್ನಾನಕ್ಕೆ ಬಂದವರು ಬಟ್ಟೆ ಬದಲಾಯಿಸುತ್ತಿದ್ದ ಗಾಲಿಯ ಗೂಡುಬಂಡಿಗಳ ನೆನಪು ಹೀಗೆ ಆಟದಲ್ಲಿ ಉಳಿದುಕೊಂಡಿದೆ. ಪಕ್ಕದ ರಸ್ತೆಯ ಕಲ್ಲಿನ ಮೇಲೆ ಬಿದ್ದ ಚೆಂಡನ್ನು ಹೊಡೆದಾಗ ಮರದ ಕೋಲು ಸವೆಯುತ್ತಿದ್ದುದರಿಂದ ಅದರ ಅಡಿಗೆ ಹಿತ್ತಾಳೆಯ ತಗಡನ್ನು ಬಡಿಯುವ ಉಪಾಯ ಇಲ್ಲಿಯೇ ಹುಟ್ಟಿತೆಂದು ಹೇಳುವರು.

ಇದಕ್ಕಿಂತಲೂ ಆಶ್ಚರ್ಯಕರವಾದ ಸಂಗತಿ ಕುಳಿಯ ಅಳತೆಯದು. ಮೊದಲು ಕುಳಿಗಳನ್ನು ತೋಚಿದಂತೆ ತೋಡುತ್ತಿದ್ದರು. ಕುಳಿಯನ್ನು ಒಂದೇ ಅಳತೆಗೆ ಕೊರೆಯುವ ಉಪಕರಣವೊಂದು ೧೮೨೯ರಲ್ಲಿ ಮಸಲ್‌ಬರೋದಲ್ಲಿ ಬಳಕೆಗೆ ಬಂದಿತು. ಅದು ಕೊರೆದ ಕುಳಿಯ ಅಗಲ ೪¼ ಅಂಗುಲ. ಆಟಕ್ಕೆ ನಿಯಮ ಮಾಡುತ್ತಿದ್ದ ಸೇಂಟ್ ಆಂಡ್ರೂಸಿನ ಸಂಘವು ಮುಂದೆ ಇದೇ ಅಳತೆಯನ್ನು ಎಲ್ಲರಿಗೂ ಗೊತ್ತುಪಡಿಸಿತು. ಇಂದು ಬೆಂಗಳೂರಿನಲ್ಲಾಗಲಿ ಜಪಾನಿನಲ್ಲಾಗಲಿ ಅಮೆರಿಕದಲ್ಲಾಗಲಿ ಚೆಂಡು ಬೀಳುವ ಪ್ರತಿಯೊಂದು ಕುಳಿಯೂ ಈ ಅಳತೆಯದೇ. ಲೋಕವೆಲ್ಲ ಒಪ್ಪಿದ ಅಳತೆಯನ್ನು ಕೊಟ್ಟ ಊರನ್ನು ಆ ಆಟವನ್ನಾಡುವವರಲ್ಲಿಯೇ ಎಷ್ಟು ಮಂದಿ ಬಲ್ಲರು?

ಒಂದು ಕಾಲದಲ್ಲಿ ಈ ಬಯಲು ಹೀಗೆ ಮರೆಯಲ್ಲಿರಲಿಲ್ಲ. ಗಾಲ್ಫಿನ ಅತಿಪುರಾತನವಾದ ಓಪನ್ ಎಂಬ ಪಂದ್ಯಾವಳಿ ೧೮೬೦ರಲ್ಲಿ ಪ್ರೆಸ್ಟ್‌ವಿಕ್ಕಿನಲ್ಲಿ ಆರಂಭವಾದಾಗ ಅದನ್ನು ಮೊದಲು ಗೆದ್ದವನು ಮಸಲ್‌ಬರೋದ ವಿಲ್ಲಿ ಪಾರ್ಕ್. ಅವನೂ ಅವನ ತಮ್ಮನೂ ಮಗನೂ ಇನ್ನಿಬ್ಬರೂ ಸೇರಿ ಈ ಒಂದೇ ಊರಿನ ಐವರು ಆ ಪಂದ್ಯಾವಳಿಯನ್ನು ೧೧ ಸಲ ಗೆದ್ದರು. ೧೮೭೪ರಿಂದ ೧೮೮೯ರವರೆಗೆ ಆರು ಸಲ ಆ ಪಂದ್ಯಾವಳಿ ಈ ಬಯಲಿನಲ್ಲಿಯೇ ನಡೆಯಿತು. ಒಂಬತ್ತು ಕುಳಿಗಳನ್ನು ನಾಲ್ಕು ಸುತ್ತು ಆಡುವುದು ಆಗಿನ ಕ್ರಮ. ಕೊನೆಯದಾದ ೧೮೮೯ರ ಪಂದ್ಯದ ವಿಷಯವಾಗಿ ಒಂದು ಕಥೆಯನ್ನು ಹೇಳಿಕೊಂಡು ಬಂದಿದ್ದಾರೆ. ಆಂಡ್ರೂ ಕರ್ಕಾಲ್ಡಿ ಎಂಬ ನಿಪುಣ ಆಟಗಾರನ ಚೆಂಡು ಕುಳಿಯ ಬಾಯಿಗೆ ಬಂದು ನಿಂತಿತು. ಇದೇನು ಮಹಾ ಎಂದು ಅವನು ಒಂದೇ ಕೈಯಿಂದ ಕೋಲು ಬೀಸಿದನು. ಕೋಲು ಚೆಂಡನ್ನು ತಾಕಲೇ ಇಲ್ಲ. ಅದನ್ನು ಹೊಡೆತವೆಂದು ಎಣಿಸಬೇಕೋ ಎಂದು ಕೇಳಿದಾಗ, ಹೌದೆಂದು ಒಪ್ಪಿಕೊಂಡನು. ಆ ಒಂದು ಹೊಡೆತದಿಂದ ಅವನೂ ಕಿರಿಯ ವಿಲ್ಲಿ ಪಾರ್ಕನೂ ಸಮಸಮವಾದರು. ಮರುಪಂದ್ಯದಲ್ಲಿ ಪಾರ್ಕನೇ ಗೆದ್ದನು. ಅಲಕ್ಷ್ಯಕ್ಕೆ ತೆತ್ತ ಬೆಲೆಯನ್ನೂ ಸತ್ಯಕ್ಕೆ ತೋರಿದ ಮರ್ಯಾದೆಯನ್ನೂ ಒಂದೇ ಕ್ಷಣದಲ್ಲಿ ಕಲಿಸುವ ಪಾಠ ನಮ್ಮ ಪಠ್ಯಪುಸ್ತಕಗಳಲ್ಲಿ ಅಪರೂಪ.

ಇಷ್ಟು ವೈಭವದ ಸ್ಥಳ ಮರೆಗೆ ಸರಿದದ್ದು ಹೇಗೆ? ಎಡಿನ್‌ಬರೋದ ಮಾನ್ಯ ಗಾಲ್ಫರ ಕಂಪನಿಯೆಂಬ ಸಂಘವು ಗಾಲ್ಫಿಗೆ ೧೭೪೪ರಲ್ಲಿ ಮೊದಲ ಲಿಖಿತ ನಿಯಮಗಳನ್ನು ಮಾಡಿಕೊಂಡ ಸಂಘ. ಲೀತಿನ ಬಯಲಿನಲ್ಲಿ ಜನಸಂದಣಿ ಹೆಚ್ಚಾದುದರಿಂದ ಅದು ೧೮೩೬ರಲ್ಲಿ ಮಸಲ್‌ಬರೋಗೆ ಬಂದಿತು. ಇಲ್ಲಿಯೂ ಕಾಲಕ್ರಮದಲ್ಲಿ ಇಕ್ಕಟ್ಟಾಯಿತು. ಬಯಲು ಊರಿನದು, ಯಾರು ಬೇಕಾದರೂ ಬಂದು ಆಡಬಹುದಾಗಿತ್ತು. ೧೮೯೧ರಲ್ಲಿ ಆ ಸಂಘವು ಪೂರ್ವಕ್ಕೆ ಮತ್ತಷ್ಟು ದೂರದ ಮ್ಯೂರ್‌ಫೀಲ್ಡಿನಲ್ಲಿ ತನ್ನದೇ ಆದ ಮೈದಾನವನ್ನು ಮಾಡಿಕೊಂಡು ಹೊರಟುಹೋಯಿತು. ಮರುವರ್ಷ ಓಪನ್ ಪಂದ್ಯಾವಳಿಯೂ ಅದರ ಹಿಂದೆಯೇ ಹೋಯಿತು. ಆಮೇಲೆ ಮಸಲ್‌ಬರೋಗೆ ಅದು ಮರಳಿ ಬರಲಿಲ್ಲ. ಗಾಲ್ಫಿನ ಯಾತ್ರಿಕರು ಈಗಲೂ ಮ್ಯೂರ್‌ಫೀಲ್ಡು, ಗಲನ್, ನಾರ್ತ್ ಬೆರಿಕ್ ಎಂದು ಇದೇ ಕಡಲ ತಡಿಯಲ್ಲಿ ಮುಂದೆ ಮುಂದೆ ಸಾಗುವರು. ಹಳೆಯ ಬಯಲು ಮಾತ್ರ ಊರವರಿಗೆ ಉಳಿಯಿತು. ದೊಡ್ಡವರು ಬಿಟ್ಟುಹೋದದ್ದು ಅದರ ಪಾಲಿಗೆ ನಷ್ಟವೇ ಸರಿ; ಆದರೆ ಆ ಇಬ್ಬರು ಬಾಲಕರು ಒಂದೇ ಚೀಲವನ್ನು ಹಂಚಿಕೊಂಡು ಆಡುತ್ತಿದ್ದುದನ್ನು ಕಂಡಾಗ, ಆ ನಷ್ಟದಲ್ಲಿಯೂ ಒಂದು ಲಾಭವಿತ್ತೆಂದು ನಮಗೆ ತೋರಿತು.

ಇಷ್ಟರಲ್ಲಿಯೇ ಲೇಖನವನ್ನು ಮುಗಿಸಿದ್ದರೆ ಅದು ಒಂದು ಪ್ರವಾಸದ ಟಿಪ್ಪಣಿಯಾಗುತ್ತಿತ್ತು. ನಾವು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿ ಇನ್ನು ಮುಂದಿದೆ.

ಹೊಳೆಯ ಪಶ್ಚಿಮಕ್ಕೆ ಫಿಷರೋ ಎಂಬ ಸಣ್ಣ ಬಂದರಿದೆ. ಅಲ್ಲಿಯ ಗಂಡಸರು ಸಮುದ್ರಕ್ಕೆ ಹೋಗುತ್ತಿದ್ದರು. ಹೆಂಗಸರು ಮೀನನ್ನು ಎಡಿನ್‌ಬರೋಗೆ ಹೊತ್ತು ಮಾರುತ್ತಿದ್ದರು. ನಮ್ಮ ಕರಾವಳಿಯ ತಾಯಂದಿರು ತಲೆಯ ಮೇಲೆ ಬುಟ್ಟಿಯಿಟ್ಟು ನಡೆಯುವರಷ್ಟೆ. ಅವರು ಬೆನ್ನಿನ ಮೇಲೆ ಬುಟ್ಟಿಯಿಟ್ಟು, ಅದರ ಪಟ್ಟಿಯನ್ನು ಹಣೆಗೆ ಹಾಕಿಕೊಂಡು, ಮುಂದಕ್ಕೆ ಬಾಗಿ ನಡೆಯುತ್ತಿದ್ದರು. ೧೭೪೮ರಿಂದ ೧೮೦೫ರವರೆಗೆ ಅಲ್ಲಿಯ ಇನ್ವರೆಸ್ಕ್ ಸಭೆಯ ಪಾದ್ರಿಗಳಾಗಿದ್ದ ಅಲೆಕ್ಸಾಂಡರ್ ಕಾರ್ಲೈಲರು ತಮ್ಮ ಊರಿನ ವೃತ್ತಾಂತವನ್ನು ಬರೆದಾಗ ಈ ಹೆಂಗಸರ ವಿಷಯವನ್ನು ಬಿಡಲಿಲ್ಲ. ಅವರು ಗಂಡಸರಷ್ಟೇ ದುಡಿಯುವರು, ಗಂಡಸರಷ್ಟೇ ಬಲಶಾಲಿಗಳು, ಬಿಡುವಿನ ದಿನಗಳಲ್ಲಿ ಗಾಲ್ಫ್ ಆಡುವರು ಎಂದು ತಿಳಿಸಿದ್ದಾರೆ. ವರ್ಷಕ್ಕೊಮ್ಮೆ ಮದುವೆಯಾದವರಿಗೂ ಮದುವೆಯಾಗದವರಿಗೂ ಕಾಲ್ಚೆಂಡಿನ ಪಂದ್ಯ ನಡೆಯುತ್ತಿತ್ತಂತೆ. ಅದರಲ್ಲಿ ಯಾವಾಗಲೂ ಮದುವೆಯಾದವರೇ ಗೆಲ್ಲುತ್ತಿದ್ದರಂತೆ! ಪಾದ್ರಿಗಳು ಸ್ವತಃ ನುರಿತ ಗಾಲ್ಫ್ ಆಟಗಾರರು. ೧೭೫೮ರಲ್ಲಿ ಇಂಗ್ಲೆಂಡಿಗೆ ಹೋದಾಗ ಪ್ರಖ್ಯಾತ ನಟನಾದ ಗ್ಯಾರಿಕ್ಕನ ತೋಟದಲ್ಲಿ ಒಂದು ಕಮಾನಿನ ಮೂಲಕ ಚೆಂಡನ್ನು ಹೊಡೆದು ಥೇಮ್ಸ್ ನದಿಗೆ ಕಳುಹಿಸಿ ಅಲ್ಲಿದ್ದವರನ್ನು ಬೆರಗುಗೊಳಿಸಿದರು. ಆದುದರಿಂದ ಆಟದ ವಿಷಯದಲ್ಲಿ ಅವರ ಮಾತನ್ನು ನಂಬಬಹುದು.

ಆ ಬಯಲಿನಲ್ಲಿ ೧೭೭೪ರಷ್ಟು ಹಿಂದಿನಿಂದಲೂ ಆಡುತ್ತಿದ್ದ ಮಸಲ್‌ಬರೋ ಗಾಲ್ಫ್ ಸಂಘದ ಸದಸ್ಯರು ೧೮೧೦ರ ಡಿಸೆಂಬರಿನಲ್ಲಿ ಸಭೆ ಸೇರಿ ಒಂದು ನಿರ್ಣಯವನ್ನು ಬರೆದರು. ಮುಂಬರುವ ಹೊಸವರ್ಷದ ಹಬ್ಬಕ್ಕೆ ಮೀನು ಮಾರುವ ಹೆಂಗಸರಲ್ಲಿ ಗಾಲ್ಫ್ ಪಂದ್ಯವನ್ನು ಏರ್ಪಡಿಸತಕ್ಕದ್ದು. ಉತ್ತಮವಾಗಿ ಆಡಿದವಳಿಗೆ ಬೆನ್ನಿಗೆ ಕಟ್ಟುವ ಒಂದು ಹೊಸ ಬುಟ್ಟಿಯನ್ನೂ ಅದರ ಮೇಲಿಡುವ ಚಿಕ್ಕ ಬುಟ್ಟಿಯನ್ನೂ ಚಂದಾ ಎತ್ತಿ ಕೊಡತಕ್ಕದ್ದು. ಅದರೊಡನೆ ಬಾರ್ಸಿಲೋನದ ರೇಷ್ಮೆಯ ಎರಡು ಉತ್ತಮವಾದ ಕರವಸ್ತ್ರಗಳನ್ನೂ ಸೇರಿಸತಕ್ಕದ್ದು. ಹೆಂಗಸರ ಗಾಲ್ಫ್ ಪಂದ್ಯದ ವಿಷಯವಾಗಿ ಜಗತ್ತಿನಲ್ಲಿ ದೊರೆಯುವ ಮೊದಲನೆಯ ದಾಖಲೆಯೆಂದು ಇತಿಹಾಸಕಾರರು ಎಣಿಸುವುದು ಇದನ್ನೇ. ರಾಜಮನೆತನದ ಸ್ತ್ರೀಯರಿಗಾಗಿ ಬರೆದದ್ದಲ್ಲ. ನಸುಕಿನಲ್ಲೆದ್ದು ಮೀನು ಹೊತ್ತು ಆರು ಮೈಲು ನಡೆದು ಮನೆಮನೆಯ ಬಾಗಿಲಲ್ಲಿ ಕೂಗಿ ಮಾರಿ ಸಂಜೆಗೆ ಮನೆ ಸೇರುವವರಿಗಾಗಿ ಬರೆದದ್ದು. ಬಹುಮಾನದ ಆಯ್ಕೆಯಲ್ಲಿಯೂ ಒಂದು ವಿವೇಕವಿದೆ: ಬುಟ್ಟಿ ನಾಳಿನ ದುಡಿಮೆಗೆ, ರೇಷ್ಮೆ ಈ ದಿನದ ಸಂತೋಷಕ್ಕೆ. ಆದರೆ ಆ ಬರಹದಲ್ಲಿ ಬುಟ್ಟಿಯ ವಿವರವಿದೆ, ರೇಷ್ಮೆಯ ಊರಿನ ಹೆಸರೂ ಇದೆ. ಆಡಬೇಕಾಗಿದ್ದವರಲ್ಲಿ ಒಬ್ಬಳ ಹೆಸರೂ ಇಲ್ಲ.

ಸಮುದ್ರದ ಕಡೆಯ ತಗ್ಗು ಗೋಡೆಯ ಮೇಲೆ ಕುಳಿತು ನಮ್ಮ ಹುಡುಗಿ ಇದೆಲ್ಲವನ್ನು ನಮಗೆ ವಿವರಿಸಿದಳು. ಹೇಳಿ ಮುಗಿಸಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದಳು. ಅವಳ ತಾಯಿಯನ್ನು ನಾವು ಬಲ್ಲೆವು. ಶಾಲೆಯ ಶುಲ್ಕ ಕಟ್ಟಲು ಮೀನಿನ ಬುಟ್ಟಿಯನ್ನು ಗೇಟಿನ ಹೊರಗಿಟ್ಟು, ಕೈತೊಳೆದುಕೊಂಡು, ಕಛೇರಿಯ ಬಾಗಿಲಲ್ಲಿ ನಿಲ್ಲುತ್ತಿದ್ದವರು. ಒಳಗೆ ಬಂದು ಕುಳಿತುಕೊಳ್ಳಿ ಎಂದರೆ, “ಬೇಡಮ್ಮ, ವಾಸನೆ” ಎನ್ನುತ್ತಿದ್ದವರು.

“ಟೀಚರ್, ನಮ್ಮ ಅಮ್ಮ ಎಂದಾದರೂ ಏನಾದರೂ ಆಟ ಆಡಿದ್ದುಂಟೋ ಎಂದು ನಾನು ಇದುವರೆಗೆ ಕೇಳಲೇ ಇಲ್ಲ,” ಎಂದಳು.

“ಈಗ ಕೇಳಬಾರದೇನು, ಮಗಳೇ?” ಎಂದೆವು.

ಆ ರಾತ್ರಿ ಅವಳು ಮನೆಗೆ ದೂರವಾಣಿ ಮಾಡಿದಳು. ತಾಯಿ ಮೊದಲು ನಕ್ಕುಬಿಟ್ಟರಂತೆ. ಇದನ್ನು ಕೇಳಲು ಅಷ್ಟು ದೂರದಿಂದ ಫೋನು ಮಾಡಿದೆಯಾ ಎಂದರಂತೆ. ಆಮೇಲೆ ಒಂದೊಂದಾಗಿ ಹೇಳಿದರು. ಹನ್ನೊಂದು ವರ್ಷದವರೆಗೂ ಕಡಲ ಮರಳಿನಲ್ಲಿ ಲಗೋರಿ ಆಡಿದ್ದು. ಓಡುವುದರಲ್ಲಿ ಕೇರಿಯ ಗಂಡುಹುಡುಗರು ಯಾರೂ ಹಿಡಿಯಲಾರದೆ ಇದ್ದದ್ದು. ತಂಗಿ ಹುಟ್ಟಿದ ವರ್ಷ ಬುಟ್ಟಿ ತಲೆಗೇರಿದ್ದು. ಅಂದಿನಿಂದ ಆಟ ನಿಂತದ್ದು. ಮೂವತ್ತು ವರ್ಷ ವಯಸ್ಸಾದ ಮಗಳಿಗೆ ತನ್ನ ತಾಯಿ ಒಬ್ಬ ಓಟಗಾರ್ತಿಯಾಗಿದ್ದಳೆಂಬುದು ಆ ರಾತ್ರಿ ತಿಳಿಯಿತು.

ಮಸಲ್‌ಬರೋದಿಂದ ಹೊರಟುಹೋದ ಆ ಮಾನ್ಯ ಸಂಘದ ಮುಂದಿನ ಕಥೆಯನ್ನೂ ಇಲ್ಲಿ ಹೇಳಬೇಕು. ಮೀನುಗಾರ್ತಿಯರು ಆಡಿದ ಬಯಲಿನಲ್ಲಿಯೇ ೫೫ ವರ್ಷ ಆಡಿದ ಆ ಸಂಘ, ತನ್ನ ಹೊಸ ಮೈದಾನದಲ್ಲಿ ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲು ಒಪ್ಪಿದ್ದು ೨೦೧೭ರಲ್ಲಿ. ಅದಕ್ಕೆ ಹಿಂದಿನ ವರ್ಷ ಇದೇ ಪ್ರಶ್ನೆ ಬಂದಾಗ ಬೇಕಾದಷ್ಟು ಮತಗಳು ಬೀಳಲಿಲ್ಲ. ಬುಟ್ಟಿ ಮತ್ತು ರೇಷ್ಮೆಯ ಪಂದ್ಯಕ್ಕೂ ಆ ಒಪ್ಪಿಗೆಗೂ ನಡುವೆ ಎರಡು ಶತಮಾನಗಳೇ ಉರುಳಿದ್ದುವು. ೨೦೨೨ರಲ್ಲಿ ಮ್ಯೂರ್‌ಫೀಲ್ಡಿನಲ್ಲಿ ಮೊದಲ ಸಲ ಹೆಂಗಸರ ಓಪನ್ ಪಂದ್ಯಾವಳಿ ನಡೆದು, ದಕ್ಷಿಣ ಆಫ್ರಿಕದ ಆಶ್ಲೇ ಬುಹಾಯ್ ಗೆದ್ದಳು. ಕಾಲವು ತಾನಾಗಿಯೇ ಮುಂದಕ್ಕೆ ಹೋಗುತ್ತದೆಂದು ನಂಬಿ ಕೈಕಟ್ಟಿ ಕುಳಿತರೆ ಸಾಲದೆಂಬುದಕ್ಕೆ ಇದು ಸಾಕ್ಷಿ. ೧೮೧೧ರಲ್ಲಿ ತೆರೆದಿದ್ದ ಬಾಗಿಲು ಆಮೇಲೆ ಮುಚ್ಚಿಕೊಂಡಿತು. ಮತ್ತೆ ತಟ್ಟಿ ತಟ್ಟಿಯೇ ತೆರೆಸಬೇಕಾಯಿತು.

ನಮ್ಮ ನಾಡಿನಿಂದಲೂ ಒಬ್ಬ ಹುಡುಗಿ ಈ ಆಟದಲ್ಲಿ ಬಹುದೂರ ಹೋಗಿದ್ದಾಳೆ. ೧೯೯೮ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅದಿತಿ ಅಶೋಕ್, ೨೦೨೧ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಒಂದೇ ಒಂದು ಹೊಡೆತದ ಅಂತರದಿಂದ ಪದಕ ತಪ್ಪಿ ನಾಲ್ಕನೆಯವಳಾದಳು. ಆ ನಾಲ್ಕು ದಿನವೂ ಅವಳ ಕೋಲುಗಳ ಚೀಲವನ್ನು ಹೆಗಲಮೇಲೆ ಹೊತ್ತು ಜೊತೆಯಲ್ಲಿ ನಡೆದವರು ಅವಳ ತಾಯಿ. ಗಾಲ್ಫೆಂದರೇನೆಂದು ತಿಳಿಯದ ಮನೆಗಳಲ್ಲಿಯೂ ಆ ಶನಿವಾರ ಬೆಳಿಗ್ಗೆ ಜನರು ಟೆಲಿವಿಷನ್ನಿನ ಮುಂದೆ ಉಸಿರು ಬಿಗಿಹಿಡಿದು ಕುಳಿತಿದ್ದರು. ತಾಯಂದಿರು ಹೊರೆ ಹೊರುವುದು ಹೊಸತಲ್ಲ; ಮಗಳ ಆಟದ ಹೊರೆಯನ್ನು ಹೊತ್ತ ತಾಯಿಯನ್ನು ಕಂಡಾಗ ಮಾತ್ರ ನಮ್ಮ ಕಣ್ಣು ತೇವವಾಯಿತು.

ಇನ್ನು ನಮ್ಮ ಶಾಲೆಯ ಮಾತಿಗೆ ಬರೋಣ. ಹೋದ ವರ್ಷದ ಪೋಷಕರ ಸಭೆಯಲ್ಲಿ, ಹತ್ತನೆಯ ತರಗತಿಯ ಆಟದ ಅವಧಿಗಳೆರಡನ್ನು ಗಣಿತಕ್ಕೂ ವಿಜ್ಞಾನಕ್ಕೂ ಬಿಟ್ಟುಕೊಡಬೇಕೆಂದು ಕೆಲವರು ಸೂಚಿಸಿದರು. ಅವರ ಆತಂಕವನ್ನು ನಾವು ಲಘುವಾಗಿ ಎಣಿಸುವುದಿಲ್ಲ. ಶುಲ್ಕಕ್ಕಾಗಿ ಒಂದೊಂದು ರೂಪಾಯಿಯನ್ನು ಕೂಡಿಡುವ ತಂದೆತಾಯಿಗಳಿಗೆ ಮಗಳ ಒಂದೊಂದು ಅಂಕವೂ ಅಮೂಲ್ಯವೇ. ಆದರೂ ಈ ಹುಡುಗಿಯರ ದಿನವನ್ನು ಒಮ್ಮೆ ಎಣಿಸಿ ನೋಡಿರಿ. ಬೆಳಿಗ್ಗೆ ಮನೆಗೆಲಸ, ಆಮೇಲೆ ಪಾಠ, ಸಂಜೆ ಮನೆಪಾಠ, ರಾತ್ರಿ ತಮ್ಮ ತಂಗಿಯರ ಉಪಚಾರ ಮತ್ತು ಓದು. ಯಾರ ಅಪ್ಪಣೆಯೂ ಇಲ್ಲದೆ ಓಡಬಹುದಾದ, ಗಟ್ಟಿಯಾಗಿ ಕೂಗಬಹುದಾದ, ಸೋತು ಮತ್ತೆ ಏಳಬಹುದಾದ ಸಮಯ ಅವರಿಗಿರುವುದು ವಾರಕ್ಕೆ ಆ ೮೦ ನಿಮಿಷಗಳು ಮಾತ್ರ. ಗಂಡುಹುಡುಗನಿಗೆ ಶಾಲೆ ಬಿಟ್ಟಮೇಲೆ ಊರಿನ ಬಯಲಿದೆ. ಹೆಣ್ಣುಮಗುವಿಗೆ ಶಾಲೆಯ ಅಂಗಳವೇ ಬಯಲು. ಬೆನ್ನ ಮೇಲೆ ಹೊರೆ ಹೊತ್ತು ಬದುಕಿದ ಫಿಷರೋದ ಹೆಂಗಸರು, ಕೆಲಸವೆಲ್ಲ ಮುಗಿದಮೇಲೆ ಆಡೋಣವೆಂದು ಕಾದಿದ್ದರೆ ಅವರು ಎಂದೂ ಆಡುತ್ತಿರಲಿಲ್ಲ. ಹೆಂಗಸರ ಕೆಲಸ ಎಂದು ಮುಗಿದೀತು?

ಆದುದರಿಂದ ಸಹೋಪಾಧ್ಯಾಯಿನಿಯರೊಡನೆ ಆಲೋಚಿಸಿ 2 ತೀರ್ಮಾನಗಳನ್ನು ಮಾಡಿದ್ದೇವೆ. ಮೊದಲನೆಯದು: ಹತ್ತನೆಯ ತರಗತಿಯ ಆಟದ ಅವಧಿಗಳು ಇದ್ದಂತೆಯೇ ಇರುವುವು. ಹಿಂದೆ ಬಿದ್ದ ಮಕ್ಕಳಿಗೆ ಬೆಳಿಗ್ಗೆ ಮುಕ್ಕಾಲು ಗಂಟೆ ಮೊದಲು ಬಂದು ಪಾಠ ಹೇಳಲು ಗಣಿತದ ಮತ್ತು ವಿಜ್ಞಾನದ ಉಪಾಧ್ಯಾಯಿನಿಯರು ಸಂತೋಷದಿಂದ ಒಪ್ಪಿದ್ದಾರೆ. ಎರಡನೆಯದು: ಈ ವರ್ಷದಿಂದ ಶಾಲೆಯ ವಾರ್ಷಿಕ ಕ್ರೀಡಾದಿನದಂದು ತಾಯಂದಿರಿಗಾಗಿಯೂ ಹಳೆ ವಿದ್ಯಾರ್ಥಿನಿಯರಿಗಾಗಿಯೂ ಲಗೋರಿಯ ಪಂದ್ಯವೊಂದನ್ನು ಏರ್ಪಡಿಸುವೆವು. ವಯಸ್ಸಿನ ನಿರ್ಬಂಧವಿಲ್ಲ, ಸೀರೆಯುಟ್ಟೇ ಆಡಬಹುದು, ಆಡಲಾರದವರು ಬಂದು ಕೂಗಿ ಹುರಿದುಂಬಿಸಬಹುದು. ಬಹುಮಾನವೇನೆಂದು ಓದುಗರು ಊಹಿಸಿರಬಹುದು: ಒಂದು ಹೊಸ ಬೆತ್ತದ ಬುಟ್ಟಿ, ಒಂದು ರೇಷ್ಮೆಯ ವಸ್ತ್ರ. ಇದರ ವೆಚ್ಚವನ್ನು ಎಡಿನ್‌ಬರೋದ ನಮ್ಮ ಹುಡುಗಿ ಕೇಳದೆಯೇ ಕಳುಹಿಸಿಕೊಟ್ಟಿದ್ದಾಳೆ.

ಅವಳ ತಾಯಿಗೆ ಈಗಾಗಲೇ ಹೇಳಿಕಳುಹಿಸಿದ್ದೇವೆ. ಮೊಣಕಾಲು ನೋವೆಂದು ಮೊದಲು ಒಲ್ಲೆನೆಂದವರು, ಚೆಂಡು ಎಸೆಯುವುದಕ್ಕೆ ಮೊಣಕಾಲು ಯಾಕೆ ಎಂದು ತಾವೇ ಹೇಳಿ ಒಪ್ಪಿಕೊಂಡರು. ತಾವೆಲ್ಲರೂ ಬರಬೇಕು. ಆ ದಿನ ಆಡುವ ಪ್ರತಿಯೊಬ್ಬ ತಾಯಿಯ ಹೆಸರನ್ನೂ, ಗೆದ್ದವರದನ್ನೂ ಸೋತವರದನ್ನೂ, ಶಾಲೆಯ ದಾಖಲೆಯ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆಸುವೆವು. ಪುಸ್ತಕವನ್ನು ಕಛೇರಿಯ ಮೇಜಿನ ಮೇಲೆಯೇ ಇಡಲಾಗುವುದು. ದಯವಿಟ್ಟು ಒಳಗೆ ಬಂದು, ಕುಳಿತುಕೊಂಡು, ತಮ್ಮ ಹೆಸರನ್ನು ತಾವೇ ಬರೆಯತಕ್ಕದ್ದು.